ಮಿದುಳಿಗೆ ಪೆಟ್ಟಾದವರ ಆರೈಕೆಮನೆ: ಹೊದಿಕೆ ಸರಿಸಿ ನೋಡಬೇಕಾದ ಸಂಗತಿಗಳು

ನನ್ನ ಸೋದರತ್ತೆಯ ಮಗ ತಳಿಯಿಂದ ಹೊಸೂರಿನ ಕಾರ್ಖಾನೆಯೊಂದಕ್ಕೆ ದಿನವೂ ಬೈಕಿನಲ್ಲಿ ಹೋಗಿಬರುತ್ತಿದ್ದ. ಎರಡು ವರ್ಷಗಳ ಹಿಂದೆ ರಾತ್ರಿ ಪಾಳಿ ಮುಗಿಸಿ ಹಿಂದಿರುಗುವಾಗ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಹೆಲ್ಮೆಟ್ ಗಾಡಿಯ ಕನ್ನಡಿಗೆ ನೇತುಬಿದ್ದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಜೀವ ಉಳಿಯಿತು. ನಾಲ್ಕನೆಯ ವಾರ ಆಸ್ಪತ್ರೆಯವರು, ಗಾಯ ಮಾಗಿದೆ, ಇನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ಆಗ ಅವನು ಕಣ್ಣು ಬಿಡುತ್ತಿದ್ದ, ಅಷ್ಟೇ. ಮಾತಿರಲಿಲ್ಲ. ಬಲಗೈ, ಬಲಗಾಲು ಏಳುತ್ತಿರಲಿಲ್ಲ. ಮೂಗಿನಲ್ಲಿ ಆಹಾರದ ನಳಿಕೆ, ಮೂತ್ರಕ್ಕೆ ಮತ್ತೊಂದು ನಳಿಕೆ. ಅತ್ತೆಗೆ ಅರವತ್ತು ದಾಟಿದೆ. ಮಾವ ತೀರಿಕೊಂಡು ಬಹಳ ವರ್ಷಗಳಾದವು. ಸೊಸೆಗೆ ಕನ್ನಡ ಶಾಲೆಯಲ್ಲಿ ಓದುವ ಇಬ್ಬರು ಮಕ್ಕಳು. ಮನೆಗೆ ಕರೆದುಕೊಂಡು ಹೋಗಿ ಎಂದರೆ, ಆ ಮನೆಯಲ್ಲಿ ಅವನನ್ನು ಎತ್ತಿ ಕೂರಿಸುವವರು ಯಾರು?

ಈ ಪ್ರಶ್ನೆ ನಮ್ಮೊಬ್ಬರದಲ್ಲ. ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರುಗಳ ಕಡೆಯಿಂದ ಹೊಸೂರಿನ ಕಾರ್ಖಾನೆಗಳಿಗೆ ಬೈಕಿನಲ್ಲಿ ಹೋಗಿಬರುವ ಯುವಕರು ಬಹಳ ಮಂದಿ. ರಸ್ತೆಯಲ್ಲಿ ಬಿದ್ದವರನ್ನು ಉಳಿಸುವ ವ್ಯವಸ್ಥೆ ಈಗ ಮೊದಲಿಗಿಂತ ಉತ್ತಮವಾಗಿದೆ. 108 ವಾಹನವಿದೆ. ತಮಿಳುನಾಡು ಸರ್ಕಾರ 2021ರ ಡಿಸೆಂಬರಿನಲ್ಲಿ ಆರಂಭಿಸಿದ ‘ಇನ್ನುಯಿರ್ ಕಾಪ್ಪೋಂ – ನಮ್ಮೈ ಕಾಕ್ಕುಂ 48’ ಯೋಜನೆಯಡಿ ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಆದರೆ ಮಿದುಳಿಗೆ ಪೆಟ್ಟಾದವನ ನಿಜವಾದ ಚಿಕಿತ್ಸೆ 48 ಗಂಟೆಗಳಲ್ಲಿ ಮುಗಿಯುವಂಥದ್ದಲ್ಲ. ಮೊದಲ ಆರು ತಿಂಗಳಲ್ಲಿ ಸುಧಾರಣೆ ಹೆಚ್ಚು ವೇಗವಾಗಿರುತ್ತದೆ. ಅನಂತರವೂ ವರ್ಷಗಟ್ಟಲೆ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಆ ಅಮೂಲ್ಯವಾದ ಮೊದಲ ತಿಂಗಳುಗಳನ್ನು ಹಲವರು ಕಳೆಯುವುದು ಹತ್ತು ಹದಿನೈದು ಹಾಸಿಗೆಗಳ ಚಿಕ್ಕ ಆರೈಕೆಮನೆಗಳಲ್ಲಿ. ಆರೈಕೆ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ವೈದ್ಯಶಾಸ್ತ್ರ ಓದಿರಬೇಕಾಗಿಲ್ಲ, ನೋಡುವ ಕಣ್ಣಿದ್ದರೆ ಸಾಕು ಎಂಬುದನ್ನು ನಾವು ಬೆಲೆ ತೆತ್ತು ಕಲಿತೆವು. ಅದನ್ನು ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಎರಡು ಮನೆಗಳು

ನಾವು ಮೊದಲು ಸೇರಿಸಿದ್ದು ಬೆಂಗಳೂರಿನ ಹೊರವಲಯದ ಒಂದು ಕೇಂದ್ರಕ್ಕೆ. ಹೊಳೆಯುವ ನೆಲ, ಕೋಣೆಗೊಂದು ಟಿ.ವಿ., ಬಾಗಿಲಲ್ಲಿ ಹೂಕುಂಡ. ಭೇಟಿಗೆ ಸಂಜೆ ಒಂದು ಗಂಟೆ ಮಾತ್ರ ಅವಕಾಶ. ಅದೂ ಮುಂಚಿತವಾಗಿ ಫೋನ್ ಮಾಡಿ ಹೇಳಿರಬೇಕು. ನಾವು ಹೋದಾಗಲೆಲ್ಲ ಅವನು ತಲೆ ಬಾಚಿಸಿಕೊಂಡು, ಎದೆಯವರೆಗೆ ಬಿಳಿಯ ಹೊದಿಕೆ ಹೊದ್ದು ಮಲಗಿರುತ್ತಿದ್ದ. ಅತ್ತೆಗೆ ಸಮಾಧಾನವಾಗುತ್ತಿತ್ತು. ಐದನೆಯ ವಾರ ಹೊದಿಕೆ ಜಾರಿತು. ಹಿಮ್ಮಡಿಯ ಮೇಲೆ ಕಪ್ಪಗಾದ ಕಲೆ; ಮಗ್ಗುಲು ತಿರುಗಿಸಿ ನೋಡಿದರೆ ಬೆನ್ನಿನ ಕೆಳಗೆ, ಟಿಕ್ಕಿಯ ಮೂಳೆಯ ಬಳಿ, ಅಂಗೈಯಗಲದ ಹುಣ್ಣು.

“ಏನಪ್ಪಾ ಇದು, ಹಿಂಗಾಗೋವರ್ಗೂ ಯಾರೂ ನೋಡ್ಲೇ ಇಲ್ವಾ?” ಎಂದು ಅತ್ತೆ ಕೇಳಿದರು.

“ಮಲಗಿದೋರಿಗೆಲ್ಲ ಆಗುತ್ತೆ ಅಮ್ಮಾ, ಅದು ಸಾಮಾನ್ಯ” ಎಂದರು ಮೇಲ್ವಿಚಾರಕರು.

ಅದು ಸಾಮಾನ್ಯವಲ್ಲ. ಅಲ್ಲಿಂದ ಬಿಡಿಸಿಕೊಂಡು ಬಂದು, ಪರಿಚಿತ ವೈದ್ಯರ ಸಲಹೆಯಂತೆ ಆನೇಕಲ್ಲಿನ ಕಡೆಯ ಮತ್ತೊಂದು ಮನೆಗೆ ಸೇರಿಸಿದೆವು. ಹಳೆಯ ಹೆಂಚಿನ ಮನೆ, ಗೋಡೆಗೆ ಸುಣ್ಣ ಬಳಿದು ಕಾಲವಾಗಿತ್ತು. ಅಲ್ಲಿನ ನರ್ಸ್ ಅತ್ತೆಯನ್ನು ಮೊದಲು ಕೇಳಿದ್ದು ಹಣದ ವಿಷಯವನ್ನಲ್ಲ. “ಅಮ್ಮಾ, ಮನೇಲಿ ಇವ್ರನ್ನ ಏನಂತ ಕರೀತೀರ?” ಎಂದು. ಅತ್ತೆ ಹೇಳಿದ ಆ ಮನೆಯ ಹೆಸರನ್ನೇ ಹಾಸಿಗೆಯ ತಲೆಯ ಕಡೆ ಹಲಗೆಯ ಮೇಲೆ ಬರೆದರು. “ಯಾವ ಹೊತ್ತಲ್ಲಾದ್ರೂ ಬನ್ನಿ, ಫೋನ್ ಮಾಡೇ ಬರ್ಬೇಕು ಅಂತೇನಿಲ್ಲ” ಎಂದರು. ಹಾಸಿಗೆಯ ಪಕ್ಕದಲ್ಲಿ ದಾರ ಕಟ್ಟಿ ತೂಗುಹಾಕಿದ ಒಂದು ನೋಟ್‌ಬುಕ್ಕಿತ್ತು. ಯಾವ ಹೊತ್ತಿಗೆ ಎಡಕ್ಕೆ ತಿರುಗಿಸಿದರು, ಯಾವ ಹೊತ್ತಿಗೆ ಬಲಕ್ಕೆ, ಎಷ್ಟು ಗಂಜಿ ಹೋಯಿತು, ಎಷ್ಟು ಮೂತ್ರ ಬಂತು, ಮಲವಿಸರ್ಜನೆ ಆಯಿತೇ, ಫಿಟ್ಸ್ ಬಂತೇ ಎಂಬುದೆಲ್ಲ ಅದರಲ್ಲಿ ಕೈಬರಹದಲ್ಲಿತ್ತು. ರಾತ್ರಿ ಎರಡು ಗಂಟೆಯ ಸಾಲೂ ಖಾಲಿಯಿರಲಿಲ್ಲ.

ಎರಡು ಗಂಟೆಗೊಮ್ಮೆ

ಹಾಸಿಗೆ ಹುಣ್ಣು ಏಕಾಗುತ್ತದೆ? ನಾವು ಆರೋಗ್ಯವಂತರು ನಿದ್ದೆಯಲ್ಲಿಯೂ ಹೊರಳುತ್ತೇವೆ. ಮಿದುಳಿಗೆ ಪೆಟ್ಟಾದವರಿಗೆ ಹೊರಳುವ ಶಕ್ತಿಯಿಲ್ಲ, ನೋವು ಹೇಳುವ ಮಾತಿಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತಸಂಚಾರ ನಿಂತು, ಕೆಲವೇ ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ. ಇದಕ್ಕೆ ಮದ್ದು ಔಷಧದ ಅಂಗಡಿಯಲ್ಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೈಗಳಲ್ಲಿದೆ.

ಈ ಸರಳ ಸಂಗತಿಗೆ ಒಂದು ಇತಿಹಾಸವಿದೆ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ಒಂದು ವಿಭಾಗ ತೆರೆಯಲಾಯಿತು. ಜರ್ಮನಿಯಿಂದ ಆಶ್ರಯ ಬಯಸಿ ಬಂದಿದ್ದ ವೈದ್ಯ ಲುಡ್ವಿಗ್ ಗುಟ್‌ಮನ್ ಅದರ ಮುಖ್ಯಸ್ಥರು. ಅಂದಿನವರೆಗೆ ಅಂತಹ ರೋಗಿಗಳಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಸಾಯುತ್ತಿದ್ದರು. ಅದು ಅವರ ಹಣೆಬರಹವೆಂದೇ ವೈದ್ಯರೂ ಭಾವಿಸಿದ್ದರು. ಗುಟ್‌ಮನ್ ಹೊಸ ಔಷಧವನ್ನೇನೂ ಕಂಡುಹಿಡಿಯಲಿಲ್ಲ. ಹಗಲು ರಾತ್ರಿಯೆನ್ನದೆ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರನ್ನೂ ತಿರುಗಿಸಬೇಕೆಂದು ಕಟ್ಟುಮಾಡಿದರು. ಅದು ನಡೆಯುತ್ತಿದೆಯೇ ಎಂದು ನೋಡಲು ರಾತ್ರಿ ತಾವೇ ವಾರ್ಡಿಗೆ ಬರುತ್ತಿದ್ದರು. ಅವರು 1948ರಲ್ಲಿ ಆ ರೋಗಿಗಳಿಗಾಗಿ ನಡೆಸಿದ ಕ್ರೀಡಾಕೂಟವೇ ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆಯಿತು. ಸಾಯುವರೆಂದು ಕೈಬಿಟ್ಟವರು ಬಿಲ್ಲು ಹಿಡಿದು ಸ್ಪರ್ಧಿಸಿದ್ದರ ಹಿಂದೆ ಇದ್ದದ್ದು ಬೇಸರಪಡದೆ ಮಾಡಿದ ಇಂತಹ ಸಣ್ಣ ಕೆಲಸಗಳು.

ಆಹಾರದ ವಿಷಯವೂ ಹೀಗೆಯೇ. ಪೆಟ್ಟಾದವರಿಗೆ ನುಂಗುವ ಕ್ರಿಯೆ ತಪ್ಪಿಹೋಗಿರಬಹುದು. ಮಲಗಿಸಿ ಉಣಿಸಿದರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರುತ್ತದೆ. ಬಾಯಿಂದಾಗಲಿ ನಳಿಕೆಯಿಂದಾಗಲಿ ಕೊಡುವಾಗ ತಲೆ, ಎದೆ ಎತ್ತರದಲ್ಲಿರಬೇಕು. ಉಣಿಸಿದ ಮೇಲೆ ಅರ್ಧ ಗಂಟೆಯಾದರೂ ಹಾಗೆಯೇ ಇರಬೇಕು. ಉಣ್ಣುವಾಗ ಕೆಮ್ಮು ಬರುವುದು, ಧ್ವನಿ ತೇವಗೊಂಡಂತೆ ಕೇಳುವುದು, ಆಗಾಗ ಜ್ವರ ಬರುವುದು ಎಚ್ಚರಿಕೆಯ ಸೂಚನೆಗಳು. ಕೀಲುಗಳನ್ನು ದಿನವೂ ಮೃದುವಾಗಿ ಆಡಿಸದಿದ್ದರೆ ಸ್ನಾಯು ಸೆಟೆದು ಕೈ ಮುಷ್ಟಿಯಾಗಿ, ಪಾದ ಕೆಳಮುಖವಾಗಿ ನಿಂತುಬಿಡುತ್ತದೆ. ಆಮೇಲೆ ಮಿದುಳು ಚೇತರಿಸಿಕೊಂಡರೂ ಕಾಲು ನೆಲಕ್ಕೆ ಊರುವುದಿಲ್ಲ. ಫಿಜಿಯೋಥೆರಪಿಸ್ಟ್ ದಿನಕ್ಕೆ ಅರ್ಧ ಗಂಟೆ ಬಂದುಹೋದರೆ ಸಾಲದು. ಉಳಿದ ಇಪ್ಪತ್ತಮೂರೂವರೆ ಗಂಟೆ ಕೈಕಾಲುಗಳನ್ನು ಯಾವ ಭಂಗಿಯಲ್ಲಿ ಇಡುತ್ತಾರೆ ಎಂಬುದು ಅಷ್ಟೇ ಮುಖ್ಯ.

ಕಟ್ಟಿಹಾಕುವುದು ಆರೈಕೆಯಲ್ಲ

ಪ್ರಜ್ಞೆ ಮರಳುವ ಹೊತ್ತಿನಲ್ಲಿ ರೋಗಿ ಕೂಗಾಡಬಹುದು, ನಳಿಕೆ ಕೀಳಬಹುದು, ಹೆತ್ತ ತಾಯಿಗೇ ಬೈಯಬಹುದು. ಅದು ಅವನ ದುರ್ಗುಣವಲ್ಲ. ಮಿದುಳು ಗೊಂದಲದಿಂದ ಹೊರಬರುವ ಒಂದು ಘಟ್ಟ. ಆರೈಕೆಮನೆಯ ಯೋಗ್ಯತೆ ಪರೀಕ್ಷೆಗೊಳಗಾಗುವುದು ಇಲ್ಲಿಯೇ. ಒಳ್ಳೆಯವರು ದೀಪ ತಗ್ಗಿಸುತ್ತಾರೆ, ಟಿ.ವಿ. ಆರಿಸುತ್ತಾರೆ, ಒಬ್ಬರೇ ಮೆಲ್ಲನೆ ಮಾತನಾಡುತ್ತಾರೆ. ಮೂತ್ರ ಕಟ್ಟಿದೆಯೇ, ಹೊಟ್ಟೆ ಉಬ್ಬಿದೆಯೇ, ಎಲ್ಲಿಯಾದರೂ ನೋವಿದೆಯೇ ಎಂದು ಹುಡುಕುತ್ತಾರೆ. ಉಳಿದವರು ಕೈ ಕಟ್ಟುತ್ತಾರೆ ಅಥವಾ ನಿದ್ದೆಯ ಮಾತ್ರೆ ಹೆಚ್ಚಿಸುತ್ತಾರೆ. ಸದಾ ಮಂಪರಿನಲ್ಲಿರುವ ರೋಗಿ ಗಲಾಟೆ ಮಾಡುವುದಿಲ್ಲ, ನಿಜ, ಕಲಿಯುವುದೂ ಇಲ್ಲ.

ಕಟ್ಟಿಹಾಕುವುದರ ಪರಿಣಾಮ ಎಲ್ಲಿಗೆ ಮುಟ್ಟಬಲ್ಲದೆಂಬುದನ್ನು ನಮ್ಮ ರಾಜ್ಯ ಕಂಡಿದೆ. 2001ರ ಆಗಸ್ಟ್ 6ರಂದು ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಖಾಸಗಿ ಮನೋರೋಗಿಗಳ ಮನೆಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾರದೆ 28 ಮಂದಿ ಸತ್ತರು. ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಈ ಪ್ರಕರಣವನ್ನು ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋರೋಗಿಗಳನ್ನು ಯಾವ ರೀತಿಯಲ್ಲಿಯೂ ಸರಪಳಿಯಲ್ಲಿ ಬಂಧಿಸಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಬೇರೆ ಬಗೆಯ ದೈಹಿಕ ನಿರ್ಬಂಧಕ್ಕೂ ವೈದ್ಯರ ಅನುಮತಿ ಮತ್ತು ಲಿಖಿತ ದಾಖಲೆ ಇರಬೇಕೆನ್ನುತ್ತದೆ. ಮಿದುಳಿನ ಪೆಟ್ಟಿನವರ ಮನೆಗೂ ನಾವು ಇದಕ್ಕಿಂತ ಕಡಿಮೆಯ ಅಳತೆಗೋಲನ್ನು ಒಪ್ಪಬೇಕಾಗಿಲ್ಲ.

ಯಾವ ಭಾಷೆಯಲ್ಲಿ ಕರೆದರು?

ಮೊದಲ ಕೇಂದ್ರದ ಕಡತದಲ್ಲಿ ‘ರೋಗಿ ಸೂಚನೆಗಳನ್ನು ಪಾಲಿಸುವುದಿಲ್ಲ’ ಎಂದು ಬರೆದಿದ್ದರು. ಅಲ್ಲಿನ ಪರಿಚಾರಕರು ದೂರದೂರಿನಿಂದ ದುಡಿಯಲು ಬಂದ ಹುಡುಗರು. ಅವರಿಗೆ ಬರುತ್ತಿದ್ದುದು ಹಿಂದಿ. ಚಿಕಿತ್ಸಕರು ಮಾತನಾಡುತ್ತಿದ್ದುದು ತಮಿಳು ಮತ್ತು ಇಂಗ್ಲಿಷ್. ಎರಡನೆಯ ಮನೆಯಲ್ಲಿ ನರ್ಸ್ ಅವನ ಮನೆಯ ಹೆಸರು ಹಿಡಿದು, “ಎಲ್ಲಿ, ಕೈ ಎತ್ತು ನೋಡೋಣ” ಎಂದರು. ಸ್ವಲ್ಪ ಹೊತ್ತು ಕಾದರು. ಎಡಗೈ ಎದ್ದಿತು.

ಇದರಲ್ಲಿ ಪವಾಡವೇನೂ ಇಲ್ಲ. ಪ್ರಜ್ಞೆಯ ಮಟ್ಟ ಅಳೆಯಲು ಜಗತ್ತಿನಾದ್ಯಂತ ಬಳಸುವ ಗ್ಲಾಸ್ಗೋ ಅಳತೆಯನ್ನು 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೂಪಿಸಿದರು. ಕಣ್ಣು ತೆರೆಯುವುದು, ಮಾತನಾಡುವುದು, ಹೇಳಿದಂತೆ ಕೈಕಾಲು ಆಡಿಸುವುದು ಎಂಬ ಮೂರನ್ನು ಅದು ನೋಡುತ್ತದೆ. ಮೂರರಲ್ಲಿ ಎರಡಕ್ಕೆ ರೋಗಿಗೆ ಅರ್ಥವಾಗುವ ಭಾಷೆ ಬೇಕು. ಅರ್ಥವಾಗದ ಭಾಷೆಯಲ್ಲಿ ಕೇಳಿದರೆ ಅಂಕ ತಗ್ಗುತ್ತದೆ. ಅಂಕ ತಗ್ಗಿದವನಿಗೆ ಶ್ರಮಪಟ್ಟು ಕಲಿಸುವ ಉತ್ಸಾಹವೂ ತಗ್ಗುತ್ತದೆ.

‘ಅವನಿಗೆ ತಮಿಳೂ ಬರುತ್ತಿತ್ತಲ್ಲ’ ಎಂದು ಕೆಲವರು ಕೇಳಿದರು. ಬರುತ್ತಿತ್ತು. ನಮ್ಮ ತಳಿಯ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವರಿದ್ದಾರೆ. ಆದರೆ ಮಿದುಳಿಗೆ ಪೆಟ್ಟಾದಾಗ ಎಲ್ಲ ಭಾಷೆಗಳೂ ಸಮನಾಗಿ ಮರಳಬೇಕೆಂದಿಲ್ಲ. ಹೆಚ್ಚು ಬಳಕೆಯಲ್ಲಿದ್ದ ಭಾಷೆಯೇ ಸಾಮಾನ್ಯವಾಗಿ ಮೊದಲು ಮರಳುತ್ತದೆಂದು ಫ್ರಾನ್ಸಿನ ವೈದ್ಯ ಪೀತ್ರ್ 1895ರಲ್ಲಿಯೇ ಬರೆದರು. ಅದು ಎಲ್ಲರಿಗೂ ಅನ್ವಯಿಸುವ ನಿಯಮವಲ್ಲವೆಂದು, ಹಲವರಲ್ಲಿ ಎರಡೂ ಭಾಷೆಗಳು ಜೊತೆಯಾಗಿಯೇ ಮರಳುತ್ತವೆಂದು ಮುಂದಿನ ಅಧ್ಯಯನಗಳು ತೋರಿಸಿವೆ. ಆದ್ದರಿಂದಲೇ ರೋಗಿ ಬಲ್ಲ ಪ್ರತಿಯೊಂದು ಭಾಷೆಯಲ್ಲಿಯೂ ಪರೀಕ್ಷಿಸಬೇಕು, ಮನೆಮಾತನ್ನಂತೂ ಬಿಡಕೂಡದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಕನ್ನಡದಲ್ಲಿಯೇ ಭಾಷಾದೋಷದ ಪರೀಕ್ಷೆ ಮತ್ತು ವಾಕ್ ಚಿಕಿತ್ಸೆ ದೊರೆಯುತ್ತದೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೇ ಇರುವ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವಿದೆ. ಚಿಕ್ಕ ಮನೆಯಲ್ಲಿ ವಾಕ್ ಚಿಕಿತ್ಸಕರಿಲ್ಲದಿದ್ದರೆ, ಇಂತಹ ಕಡೆ ಒಮ್ಮೆ ಪರೀಕ್ಷೆ ಮಾಡಿಸಿ, ಅವರು ಹೇಳಿಕೊಟ್ಟ ಅಭ್ಯಾಸವನ್ನು ಇಲ್ಲಿ ಮುಂದುವರಿಸಬಹುದು.

ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ನೆರವಾದವಳು ಅವನ ಮಗಳು, ಏಳನೆಯ ತರಗತಿಯ ಹುಡುಗಿ. ಶಾಲೆಯ ಚಿತ್ರಕಲೆಯ ಹಾಳೆಯ ಮೇಲೆ ಒಂದೊಂದು ಚೌಕ ಬರೆದು, ಚಿತ್ರದ ಕೆಳಗೆ ದೊಡ್ಡ ಅಕ್ಷರಗಳಲ್ಲಿ ನೀರು, ನೋವು, ಚಳಿ, ಶೌಚ, ಅವ್ವ, ಬೇಕು, ಬೇಡ ಎಂದು ಬರೆದುಕೊಟ್ಟಳು. ಅಪ್ಪ ಮೊದಲು ಬೆರಳಿಟ್ಟು ತೋರಿಸಿದ ಪದ ‘ಬೇಡ’. ಅಂದು ಅವನಿಗೆ ಗಂಜಿ ಬೇಡವಾಗಿತ್ತು. ನಾಲ್ಕು ತಿಂಗಳ ಮೇಲೆ ಅವನ ಇಷ್ಟಾನಿಷ್ಟ ನಮಗೆ ತಿಳಿದದ್ದು ಅಂದೇ. ತಮಿಳಿನಲ್ಲಿದ್ದ ಸರ್ಕಾರಿ ಅರ್ಜಿಗಳನ್ನು ಅಜ್ಜಿಗೆ ಓದಿ ಹೇಳುತ್ತಿದ್ದವಳೂ ಅವಳೇ. ಎರಡು ಲಿಪಿ ಬಲ್ಲ ನಮ್ಮ ಶಾಲೆಯ ಮಕ್ಕಳು ಇಂತಹ ಹೊತ್ತಿನಲ್ಲಿ ಮನೆಗೆ ಎಷ್ಟು ದೊಡ್ಡ ಆಸರೆಯೆಂಬುದು ನನಗೆ ಆಗ ಅರಿವಾಯಿತು.

ಕಾಯ್ದೆ ಮತ್ತು ನೆರವು

ವಿಕಲಚೇತನರ ಸಂಸ್ಥೆಯನ್ನು ನೋಂದಣಿಯಿಲ್ಲದೆ ನಡೆಸಕೂಡದು, ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಚಿಕಿತ್ಸೆ ನೀಡುವ ಕೇಂದ್ರಗಳಿಗೆ ತಮಿಳುನಾಡಿನಲ್ಲಿ 1997ರ ಕಾಯ್ದೆಯೂ, ಗಡಿಯಾಚೆ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಇವೆ. ಗೋಡೆಯ ಮೇಲೆ ಆ ಪತ್ರವನ್ನು ಹುಡುಕುವುದು ಅನುಮಾನಪಟ್ಟಂತಲ್ಲ, ನಮ್ಮ ಹಕ್ಕು.

2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಮಿದುಳಿನ ಪೆಟ್ಟೆಂಬ ಪ್ರತ್ಯೇಕ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ಪೆಟ್ಟಿನಿಂದ ಉಂಟಾದ ಚಲನೆಯ, ಮಾತಿನ, ಬುದ್ಧಿಯ ಅಥವಾ ವರ್ತನೆಯ ಕುಂದಿಗೆ ಪ್ರಮಾಣಪತ್ರ ಪಡೆಯಲು ಅವಕಾಶವಿದೆ; ಶೇಕಡಾ 40 ಅಥವಾ ಹೆಚ್ಚಿದ್ದರೆ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ. ಕೃಷ್ಣಗಿರಿಯ ಜಿಲ್ಲಾ ವಿಕಲಚೇತನರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬೇಕು. ಅಪಘಾತ ಪರಿಹಾರದ ದಾವೆಯಿದ್ದರೆ ಆರೈಕೆಮನೆಯ ಪ್ರತಿಯೊಂದು ರಸೀದಿಯನ್ನೂ ಜೋಪಾನ ಮಾಡಬೇಕು. ತಲೆಗೆ ಪೆಟ್ಟಾದ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಪ್ರಕರಣದಲ್ಲಿ, ಜೀವನಪರ್ಯಂತ ಬೇಕಾಗುವ ಪರಿಚಾರಕರ ವೆಚ್ಚವನ್ನೂ ಪರಿಹಾರದಲ್ಲಿ ಲೆಕ್ಕಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿದೆ.

ಮನೆಗೆ ಮರಳಿದ ಮೇಲೆ ನೆರವಾಗುವ ಯೋಜನೆಯೊಂದು ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿತು. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಉದ್ಘಾಟನೆಯಾಯಿತು. ಹೆಸರು ಕೇಳಿ ಇದು ಮಕ್ಕಳ ಚಿಕಿತ್ಸೆಯೆಂದು ನಮ್ಮವರು ತಪ್ಪು ತಿಳಿಯುವುದುಂಟು. ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನ. ಜನರನ್ನು ಹುಡುಕಿಕೊಂಡು ಬರುವ ಚಿಕಿತ್ಸೆ ಎಂಬುದು ಅದರ ಅರ್ಥ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆಗೆ ಹಾಸಿಗೆ ಹಿಡಿದವರಿಗೆ ಮನೆಯಲ್ಲಿಯೇ ಫಿಜಿಯೋಥೆರಪಿ ಮತ್ತು ಉಪಶಾಮಕ ಆರೈಕೆ ಒದಗಿಸುವುದೂ ಈ ಯೋಜನೆಯಲ್ಲಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಮರೆಯಬಾರದು.

ಸೇರಿಸುವ ಮುನ್ನ, ಸೇರಿಸಿದ ಮೇಲೆ

ಆರೈಕೆಮನೆಗೆ ಹೇಳದೆ ಒಮ್ಮೆ ಹೋಗಿ, ಊಟದ ಹೊತ್ತಿನಲ್ಲಿ ಹೋಗಿ. ಉಣಿಸುವಾಗ ರೋಗಿಯನ್ನು ಕೂರಿಸಿದ್ದಾರೆಯೇ ನೋಡಿ. ರಾತ್ರಿ ಎಷ್ಟು ಮಂದಿ ಎಚ್ಚರವಿರುತ್ತಾರೆ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಒಯ್ಯುತ್ತಾರೆ ಎಂದು ಕೇಳಿ. ನಿದ್ದೆಯ ಮಾತ್ರೆ ಕೊಡುತ್ತಿದ್ದರೆ ಯಾರು ಬರೆದರು, ಏಕೆ ಬರೆದರು ಎಂದು ಕೇಳಿ. ದಿನದ ದಾಖಲೆಯ ಪುಸ್ತಕ ತೋರಿಸಲು ಹಿಂಜರಿದರೆ ಅದೇ ಉತ್ತರವೆಂದು ತಿಳಿಯಿರಿ. ಒಳಗೆ ಉಳಿದ ರೋಗಿಗಳ ಉಗುರು, ಬಾಯಿ, ಹಿಮ್ಮಡಿ ಹೇಗಿವೆ ಎಂದು ಕಣ್ಣಾಡಿಸಿ. ಸಿಬ್ಬಂದಿ ಅವರನ್ನು ಹೆಸರು ಹಿಡಿದು ಕರೆಯುತ್ತಾರೋ, ಹಾಸಿಗೆಯ ನಂಬರಿನಿಂದಲೋ? ಸೇರಿಸಿದ ಮೇಲೆ ಪ್ರತಿ ಭೇಟಿಯಲ್ಲಿಯೂ ಸಂಕೋಚವಿಲ್ಲದೆ ಹೊದಿಕೆ ಸರಿಸಿ, ಬೆನ್ನು, ಸೊಂಟ, ಹಿಮ್ಮಡಿಗಳನ್ನು ನೋಡಿ.

ನಮ್ಮ ಕಡೆಯ ಕರ್ತವ್ಯವೂ ಇದೆ. ಪರಿಚಾರಕರ ಕೆಲಸ ಕಠಿಣ, ಸಂಬಳ ಅಲ್ಪ. ತಮ್ಮೂರು ಬಿಟ್ಟು ಬಂದ ಆ ಹುಡುಗರಿಗೆ ಹತ್ತು ಕನ್ನಡ ಪದ ಕಲಿಸಿಕೊಟ್ಟರೆ ಅವರು ಸಂತೋಷದಿಂದ ಕಲಿಯುತ್ತಾರೆ. ಎರಡನೆಯ ಮನೆಯ ಹುಡುಗನೊಬ್ಬ ನಮ್ಮ ಹುಡುಗಿಯ ಹಾಳೆಯಿಂದಲೇ ಕಲಿತ. ಮೊದಲ ಕೇಂದ್ರದಲ್ಲಿ ತಪ್ಪು ಅವರದು ಮಾತ್ರವೆಂದು ಹೇಳಿದರೆ ಅರ್ಧ ಸತ್ಯವಾದೀತು. ಐದು ವಾರ ನಾವೂ ಬಿಳಿಯ ಹೊದಿಕೆಯನ್ನು ನೋಡಿ ಸಮಾಧಾನಪಟ್ಟು ಹಿಂದಿರುಗಿದ್ದೆವು.

ಆ ಹುಣ್ಣು ಮಾಗಲು ಮೂರು ತಿಂಗಳು ಹಿಡಿಯಿತು. ಕುಳಿತು, ನಿಂತು ಅಭ್ಯಾಸ ಮಾಡಬೇಕಾಗಿದ್ದ ಮೂರು ತಿಂಗಳು ಅವು. ಈಗ ಅವನು ಮನೆಯಲ್ಲಿದ್ದಾನೆ. ಕೋಲು ಹಿಡಿದು ಹಿತ್ತಿಲವರೆಗೆ ನಡೆಯುತ್ತಾನೆ. ಮಾತು ಒಂದೊಂದಾಗಿ ಬರುತ್ತದೆ. ಸಿಟ್ಟು ಬೇಗ ಬರುತ್ತದೆ. ಕೆಲಸಕ್ಕೆ ಮರಳಿಲ್ಲ. ಸಂಜೆ ಮಗಳು ಪಾಠ ಓದುವಾಗ ಪಕ್ಕದಲ್ಲಿ ಕುಳಿತು ತಾನೂ ಅಕ್ಷರಗಳ ಮೇಲೆ ಬೆರಳಾಡಿಸುತ್ತಾನೆ. ಅವನ ಹಳೆಯ ಹೆಲ್ಮೆಟ್ಟನ್ನು ಅತ್ತೆ ಬಾಗಿಲ ಪಕ್ಕದ ಮೊಳೆಗೆ ಹಾಕಿದ್ದಾರೆ. ಬೈಕಿನಲ್ಲಿ ಬಂದವರು ಯಾರೇ ಆಗಲಿ, ಹೊರಡುವಾಗ ಅವರು ಕೇಳುವುದು ಒಂದೇ ಮಾತು: “ತಲೆಗೆ ಹಾಕ್ಕೊಂಡ್ಯೇನಪ್ಪಾ?”